ಹದಿನಾರರ ಮಗ ರಾತ್ರಿ ಮೂರರ ತನಕ ಗೇಮ್ ಆಡ್ತಾನ, ಫೋನ್ ಕಸಗೊಂಡ್ರ ಊಟಾ ಬಿಡ್ತಾನ. ಏನ್ ಮಾಡ್ಬೇಕ್ರಿ?

ಬೆಟಗೇರಿ ಅವ್ವ:

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಪಾಲಕರು ಇಲ್ಲಿ ಭಾಳ ಮಂದಿ ಇದ್ದೀರಿ ಅಂತ ಬರಿಯಾಕತ್ತೇನಿ. ಉದ್ದ ಆದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ.

ನನ್ನ ಮಗಗ ಹದಿನಾರು. ಹತ್ತನೇತ್ತಾಗ 88 ಪರ್ಸೆಂಟ್ ತಗೊಂಡಿದ್ದ. ಈಗ ಪಿಯುಸಿ ಮೊದಲನೇ ವರ್ಷ, ಸೈನ್ಸ್. ಕಾಲೇಜಿನ್ಯಾಗ ನೋಟ್ಸ್ ಎಲ್ಲಾ ವಾಟ್ಸಾಪಿಗೆ ಹಾಕ್ತಾರ, ಫೋನ್ ಬೇಕಽ ಬೇಕು ಅಂದ, ಕೊಡಿಸಿದ್ವಿ. ಏಳು ತಿಂಗಳಾತು. ನೂರು ಮಂದಿ ವಿಮಾನದಿಂದ ಇಳದು ಒಬ್ಬರಿಗೊಬ್ಬರು ಗುಂಡು ಹೊಡಿಯೋ ಆಟ ಹಿಡದಾನ. ಹತ್ತಕ್ಕ ಖೋಲಿ ಬಾಗಲಾ ಹಾಕ್ಕೊಂಡ್ರ ರಾತ್ರಿ ಎರಡೂವರಿ, ಮೂರು. ನಾ ನೀರು ಕುಡಿಯಾಕ ಎದ್ದಾಗ ಬಾಗಲದ ಬುಡಕ್ಕ ಬೆಳಕು ಕಾಣತೈತಿ, ಒಳಗ "ರಿವೈವ್ ಮಾಡಲೇ, ಲಗೂನ ರಿವೈವ್ ಮಾಡು" (ಆಟದಾಗ ಬಿದ್ದವನ್ನ ಎಬ್ಬಿಸು) ಅಂತ ಪಿಸುಮಾತು ಕೇಳತೈತಿ. ಮುಂಜಾನೆ ಎಬ್ಬಿಸಿದ್ರ ಕಣ್ಣು ಕೆಂಪಗ ಮಾಡ್ಕೊಂಡು ಎದ್ದು, ನಾಷ್ಟಾ ಮುಟ್ಟದಽ ಹೋಗ್ತಾನ. ಮೊದಲನೇ ಟೆಸ್ಟಿನ್ಯಾಗ ಫಿಸಿಕ್ಸಿಗೆ 50ಕ್ಕ 11.

ಹೋದ ತಿಂಗಳು ನಮ್ಮ ಮನಿಯವರ ಅಕೌಂಟಿನ್ಯಾಗ 9,400 ರೂಪಾಯಿ ಕಡಿಮಿ ಬಂತು. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದ್ರ 89, 449, 89, 899, ಹಿಂಗ ಸಣ್ಣ ಸಣ್ಣ ರೊಕ್ಕ. ಎಲ್ಲಾ ಗೇಮಿಗೆ ಹೋಗ್ಯಾವು. ಬಂದೂಕಿನ ಬಣ್ಣಕ್ಕ, ಗೊಂಬಿ ಮೈಮ್ಯಾಗಿನ ಅಂಗಿಗೆ. ಅವತ್ತು ಅವರು ಬಡದ್ರು. ಫೋನ್ ತಿಜೋರಿಯೊಳಗ ಇಟ್ಟು ಕೀಲಿ ಹಾಕಿದ್ರು. ಹುಡುಗ ಎರಡು ದಿನ ಊಟಾ ಮಾಡ್ಲಿಲ್ಲ. ಗ್ವಾಡಿಗೆ ಗುದ್ದಿ ಬೆರಳು ಬಾತು ಬಂದ್ವು. "ನಾ ಇದ್ರೇನು, ಸತ್ರೇನು" ಅಂದ. ನಮಗ ಅಂಜಿಕಿ ಬಂತು, ಫೋನ್ ತಿರಗಿ ಕೊಟ್ವಿ. ಈಗ ಮೊದಲಿಗಿಂತ ಹೆಚ್ಚಾಗೈತಿ.

ಇದು ಚಟಾನೋ, ವಯಸ್ಸಿನ ಹುಚ್ಚೋ, ಬ್ಯಾನಿನೋ? ಯಾರಿಗೆ ತೋರಸ್ಬೇಕು? ಬಳಗದಾಗ ಕೇಳಾಕ ನಾಚಿಕಿ ಆಗತೈತಿ.

ಗೋಕುಲ ರೋಡ್ ಕಾಕಾ:

ತಂಗಿ, ಫೋನ್ ತಿರಗಿ ಕೊಟ್ಟದ್ದಽ ತಪ್ಪು. ಎರಡು ದಿನ ಉಪವಾಸ ಇದ್ರ ಯಾರೂ ಸಾಯಂಗಿಲ್ಲ. ಮೂರನೇ ದಿನಕ್ಕ ತಾನಽ ರೊಟ್ಟಿ ಕೇಳ್ತಿದ್ದ. ನಮ್ಮಪ್ಪ ನನಗ ಹುಣಸಿ ಬರಲು ತಗೊಂಡು ಹೊಡದ ಕಲಿಸ್ಯಾರ. ಚೀನಾದಾಗ ನೋಡ್ರಿ, 2021ರ ಸೆಪ್ಟೆಂಬರ್‌ದಿಂದ ಹದಿನೆಂಟರ ಒಳಗಿನ ಹುಡುಗ್ರು ಶುಕ್ರವಾರ, ಶನಿವಾರ, ರವಿವಾರ ಮತ್ತ ಸೂಟಿ ದಿನ ರಾತ್ರಿ ಎಂಟರಿಂದ ಒಂಬತ್ತು, ದಿನಕ್ಕ ಒಂದಽ ತಾಸು ಆಡ್ಬೇಕಂತ ಕಾಯ್ದೆ ಮಾಡ್ಯಾರ. ನಮ್ಮಲ್ಲೂ ಹಂಗ ಬಿಗಿ ಮಾಡ್ಬೇಕು.

ಸಪ್ತಾಪುರದ ರೂಮಿನವ:

ಅಕ್ಕಾರ, ನಾನೂ ಹಿಂಗಽ ಇದ್ದವ. ನಮ್ಮದು ನರಗುಂದ ಕಡೆ ಹಳ್ಳಿ. ಪಿಯುಸಿಗೆ ಧಾರವಾಡಕ್ಕ ಬಂದು ಸಪ್ತಾಪುರದಾಗ ರೂಮ್ ಮಾಡಿದ್ದೆ. ಆವಾಗ ಎಲ್ಲಾ ರೂಮಿನ್ಯಾಗೂ ಇಂಥಾದಽ ಗುಂಡಿನ ಆಟ ಪಬ್‌ಜಿ ನಡದಿತ್ತು. 2020ರ ಸೆಪ್ಟೆಂಬರ್ 2ಕ್ಕ ಸರಕಾರ ಅದನ್ನ ಬಂದ್ ಮಾಡ್ತು. ನಮ್ಮವ್ವ ದೇವರಿಗೆ ಕಾಯಿ ಒಡಿಸಿದ್ಲು. ನಾ ಮೂರನೇ ದಿನಕ್ಕ ಅಂಥಾದಽ ಇನ್ನೊಂದು ಆಟ, ಫ್ರೀ ಫೈರ್ ಹಾಕ್ಕೊಂಡೆ. ಕಾಕಾರು ಚೀನಾದ್ದು ಹೇಳಿದ್ರು. ದಕ್ಷಿಣ ಕೊರಿಯಾದವರು 2011ರಾಗ ಹದಿನಾರರ ಒಳಗಿನವರಿಗೆ ಮಧ್ಯರಾತ್ರಿಯಿಂದ ಮುಂಜಾನೆ ಆರರ ತನಕ ಆನ್‌ಲೈನ್ ಆಟ ಬಂದ್ ಮಾಡಿದ್ರು, ಹತ್ತು ವರ್ಷ ಆದ ಮ್ಯಾಲೆ ತಾವಽ ಆ ಕಾಯ್ದೆ ತೆಗಿಯಾಕ ನಿರ್ಧಾರ ಮಾಡಿದ್ರು. ಹುಡುಗ್ರು ಅಪ್ಪನ ಹೆಸರಲೆ ಖಾತೆ ಮಾಡ್ಕೊಂತಾರ್ರಿ, ನಾನೂ ಮಾಡಿದ್ದೆ.

ಒಳಗಿಂದ ಇದು ಹೆಂಗಿರತೈತಿ ಅಂತ ಹೇಳ್ತೇನಿ. ಒಂದು ಮ್ಯಾಚ್ ಅಂದ್ರ ಅರ್ಧ ತಾಸು. ನಾಲ್ಕು ಮಂದಿ ಒಂದು ಸ್ಕ್ವಾಡ್. ನೀವು "ಊಟಕ್ಕ ಬಾ" ಅಂತ ಕರದಾಗ ಅವ ಹದಿನೈದನೇ ನಿಮಿಷದಾಗ ಇರ್ತಾನ. ಎದ್ದು ಬಂದ್ರ ಉಳಿದ ಮೂರು ಮಂದಿ ಅವನಿಂದ ಸೋಲ್ತಾರ. ಮರುದಿನ ಅವರು ಇವನ್ನ ಬಿಟ್ಟು ಬ್ಯಾರೆಯವನ್ನ ಕರ್ಕೊಂತಾರ. ನಿಮಗ ಅದು ಫೋನು. ಅವಂಗ ಅದರೊಳಗ ಮೂರು ಜೀವದ ಗೆಳೆಯಾರು ಕುಂತಾರ. ಬ್ಯಾಟರಿ ತೀರಿದ್ರ ನನಗ ಗೆಳೆಯಾರನ್ನ ಬಾವಿಗೆ ನೂಕಿ ಬಂದಂಗ ಆಗ್ತಿತ್ತು.

ಮತ್ತ ರ‍್ಯಾಂಕ್ ಅಂತ ಇರತೈತಿ. ಎರಡು ತಿಂಗಳು ನಿದ್ದಿಗೆಟ್ಟು ಮ್ಯಾಲೆ ಹತ್ತಿದ್ರ ಸೀಸನ್ ಮುಗದು ಕೆಳಗ ಇಳಸ್ತಾರ, ಮತ್ತ ಹತ್ತಬೇಕು. ದಿನಾ ಲಾಗಿನ್ ಆದ್ರ ಬಹುಮಾನ, ಒಂದು ದಿನ ತಪ್ಪಿದ್ರ ಸರಪಳಿ ಕಡೀತು. ಆಟದಾಗ ರೊಕ್ಕ ಕೊಟ್ಟು ಒಡಿಯೋ ಪೆಟಿಗಿ ಇರತಾವು; ಒಡದ್ರ ಏನ್ ಬರತೈತಿ ಗೊತ್ತಿಲ್ಲ, ಅದಕ್ಕಽ ಮತ್ತೊಂದು ಒಡೀಬೇಕು ಅನಸತೈತಿ. ನಿಮ್ಮ ಪಾಸ್‌ಬುಕ್ಕಿನ 89 ರೂಪಾಯಿ ಹಿಂಗ ಹೋಗ್ಯಾವು.

ನನಗ ಒಂದು ವರ್ಷದಾಗ 9 ಕಿಲೋ ತೂಕ ಏರ್ತು. ಬಲಗೈ ಹೆಬ್ಬೆರಳಿನ ಬುಡದಾಗ ಎಂಥಾ ನೋವು ಅಂದ್ರ ಚಾ ಕಪ್ಪು ಎತ್ತಾಕ ಬರ್ತಿರಲಿಲ್ಲ. ಡಾಕ್ಟರು ನೋಡಿ, ಹೆಬ್ಬೆರಳಿನ ಸ್ನಾಯುರಜ್ಜಿನ ಪೊರೆ ಬಾತೈತಿ ಅಂದು ಪಟ್ಟಿ ಹಾಕಿದ್ರು. ನಾ ಎಡಗೈಲೆ ಆಡಿದೆ. ಅಕ್ಕನ ಲಗ್ನದಾಗ ಅಕ್ಷತಾ ಹಾಕೋ ಹೊತ್ತಿಗೆ ನಾ ಜಾನವಾಸದ ಮನಿ ಅಟ್ಟದ ಮ್ಯಾಲೆ ಕುಂತಿದ್ದೆ. ಅದು ಇವತ್ತಿಗೂ ಎದ್ಯಾಗ ಚುಚ್ಚತೈತಿ.

ಬಿಟ್ಟದ್ದು ಹೆಂಗ ಅಂದ್ರ, ಡಿಗ್ರಿಗೆ ಬಂದಾಗ ರೂಮಿಗೆ ಒಬ್ಬ ಪೊಲೀಸ್ ಫಿಸಿಕಲ್‌ಗೆ ತಯಾರಿ ಮಾಡೋ ಅಣ್ಣ ಬಂದ. ಮುಂಜಾನೆ ಐದಕ್ಕ ಚಾದರ ಎಳದು ಕೆ.ಸಿ.ಡಿ. (ಕರ್ನಾಟಕ ಕಾಲೇಜು) ಮೈದಾನಕ್ಕ ಕರ್ಕೊಂಡು ಹೋಗ್ತಿದ್ದ. ಐದಕ್ಕ ಏಳೋವನು ಮೂರರ ತನಕ ಕೂಡ್ರಾಕ ಆಗಂಗಿಲ್ರಿ, ಮೈ ಒಪ್ಪಂಗಿಲ್ಲ. ನಡುವ ಎರಡು ಸಲ ಜಾರಿ ಮತ್ತ ಆಡಿದೆ. ಅಣ್ಣ ಬೈಲಿಲ್ಲ, ಮರುದಿನ ಐದಕ್ಕ ಮತ್ತ ಎಬ್ಬಿಸಿದ. ಈಗ ಬಿ.ಎಸ್ಸಿ. ಮುಗಿಸಿ ಟ್ಯೂಷನ್ ಹೇಳ್ತೇನಿ.

ಹುಬ್ಬಳ್ಳಿ ಗೇಮರ್:

ನಾನು ದಿನಾ ಒಂದೂವರಿ ತಾಸು ಆಡ್ತೇನಿ, ಇಂಜಿನಿಯರಿಂಗ್ ಐದನೇ ಸೆಮಿಸ್ಟರ್, ಎಲ್ಲಾ ವಿಷಯ ಪಾಸ್. ಗೇಮ್ ಆಡೋರೆಲ್ಲಾ ಹಾಳಾದವರು ಅನ್ನೋಹಂಗ ಇಲ್ಲಿ ಮಾತು ಹೊಂಟದ್ದಕ್ಕ ನೋವಾತು. 2023ರಾಗ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ್ಯಾಗ ಇ-ಸ್ಪೋರ್ಟ್ಸ್‌ಗೆ, ಅಂದ್ರ ವಿಡಿಯೋ ಗೇಮಿನ ಸ್ಪರ್ಧೆಗೆ, ಪದಕ ಕೊಟ್ಟಾರ. ವೇಗದ ಆಟ ಆಡೋರ ಕಣ್ಣಿನ ಗಮನ ಚುರುಕಾಗತೈತಿ ಅಂತ ಸಂಶೋಧನೆಗಳೂ ಅದಾವು. ಅಕ್ಕಾರ, ನಿಮ್ಮ ಮಗನ ತ್ರಾಸು ಖರೇ, ಅದನ್ನ ಇಲ್ಲ ಅನ್ನಂಗಿಲ್ಲ. ಆದ್ರ ಅವಂಗ "ಗೇಮ್ ಅಂದ್ರ ವಿಷ" ಅಂದ್ರ ಅವ ನಿಮ್ಮ ಮುಂದಿನ ಮಾತೂ ಕೇಳಂಗಿಲ್ಲ. ಯಾಕಂದ್ರ ಅದು ಸುಳ್ಳು ಅಂತ ಅವಂಗ ಗೊತ್ತೈತಿ.

ಕಾಕಾ, ಬಡಿಯೋದು ಹೇಳಬ್ಯಾಡ್ರಿ. ನಮ್ಮ ಓಣ್ಯಾಗ ಬಡಿಸಿಕೊಂಡ ಹುಡುಗ ಮನಿ ಬಿಟ್ಟು ಹೋಗಿ ನಾಲ್ಕು ದಿನ ಸಿಕ್ಕಿರಲಿಲ್ಲ.

ಹಾವೇರಿ ಮಾಸ್ತರ:

ನಾನು ಹಳ್ಳಿಯ ಪ್ರೌಢಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಮೊದಲೆಲ್ಲ ಮೊದಲ ಪೀರಿಯಡ್ಡಿನಲ್ಲಿ ಮಕ್ಕಳು ಗದ್ದಲ ಮಾಡುತ್ತಿದ್ದರು, ಈಗ ನಾಲ್ಕಾರು ತಲೆಗಳು ಡೆಸ್ಕಿನ ಮೇಲಿರುತ್ತವೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಸಾಲ ಮಾಡಿ ಫೋನ್ ಕೊಡಿಸಿದವರು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ತಂದೆ ತಾಯಿ. ಶಾಲೆ ಶುರುವಾಯಿತು, ಫೋನ್ ಮಕ್ಕಳ ಕೈಯಲ್ಲೇ ಉಳಿಯಿತು. ಇದರಲ್ಲಿ ಶಾಲೆಯವರದೂ ತಪ್ಪಿದೆ ಎಂದು ನಾನು ನಂಬುತ್ತೇನೆ; ಇವತ್ತಿಗೂ ಮನೆಗೆಲಸವನ್ನು ವಾಟ್ಸಾಪಿಗೆ ಹಾಕಿ ಕೈ ತೊಳೆದುಕೊಳ್ಳುತ್ತೇವೆ.

ಸಪ್ತಾಪುರದ ತಮ್ಮ ಪೆಟ್ಟಿಗೆಯ ವಿಷಯ ಹೇಳಿದ್ದು ಸರಿ. ಬಿ.ಎಡ್.ನಲ್ಲಿ ಸ್ಕಿನ್ನರ್ ಎಂಬ ಮನೋವಿಜ್ಞಾನಿಯ ಪ್ರಯೋಗ ಓದಿದ್ದೆವು. ಗುಂಡಿ ಒತ್ತಿದಾಗಲೆಲ್ಲ ಕಾಳು ಬಂದರೆ ಪಾರಿವಾಳ ಹಸಿವಾದಾಗಷ್ಟೇ ಒತ್ತುತ್ತದೆ. ಒಮ್ಮೆ ಬಂದು ಮತ್ತೆ ಐದು ಸಲ ಬರದೆ, ಯಾವಾಗ ಬರುತ್ತದೋ ತಿಳಿಯದಂತೆ ಮಾಡಿದರೆ ಕುಕ್ಕುವುದನ್ನು ನಿಲ್ಲಿಸುವುದೇ ಇಲ್ಲ. ಈ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶ 2018ರಲ್ಲೇ ಜೂಜು ಎಂದು ತೀರ್ಮಾನಿಸಿತು.

ತಾಯಿಯವರಿಗೆ ಒಂದು ಪ್ರಶ್ನೆ. ಹುಡುಗ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮವೇ?

ಬೆಟಗೇರಿ ಅವ್ವ:

ಹೌದ್ರಿ ಸರ, ಕನ್ನಡ ಮೀಡಿಯಮ್ಮಽ. ಯಾಕ್ರಿ?

ಹಾವೇರಿ ಮಾಸ್ತರ:

ನನ್ನ ಕೈಯಲ್ಲಿ 90 ತೆಗೆದುಕೊಂಡು ಹೋದ ಮಕ್ಕಳು ದೀಪಾವಳಿ ರಜೆಗೆ ಬಂದು ನನ್ನ ಮುಂದೆ ಅತ್ತದ್ದಿದೆ. "ಸರ್, ಪಿಯುಸಿ ಕ್ಲಾಸಿನಲ್ಲಿ ಇಂಗ್ಲಿಷಿನ ಒಂದು ವಾಕ್ಯ ತಿಳಿಯುವಷ್ಟರಲ್ಲಿ ಮೂರು ಹೋಗಿರುತ್ತವೆ" ಎನ್ನುತ್ತಾರೆ. ಜಡತ್ವ, ವೇಗೋತ್ಕರ್ಷ ಅಂದರೆ ಥಟ್ಟನೆ ಹೇಳುವ ಹುಡುಗ ಇನರ್ಶಿಯಾ, ಆಕ್ಸಲರೇಶನ್ ಅಂದಾಗ ಸುಮ್ಮನಾಗುತ್ತಾನೆ. ಊರಿನಲ್ಲಿ ಮೊದಲಿಗನಾಗಿದ್ದವನು ಅಲ್ಲಿ ಕೊನೆಯ ಬೆಂಚು. ಅಂಥವನಿಗೆ ರಾತ್ರಿ ಒಂದು ಜಾಗದಲ್ಲಿ "ಭಲೇ ಹೊಡದಿ" ಎಂದು ಯಾರಾದರೂ ಅಂದರೆ ಅವನು ಅಲ್ಲಿಗೇ ಹೋಗುತ್ತಾನೆ. ನಿಮ್ಮ ಮಗನದೂ ಹೀಗೆಯೇ ಎಂದು ಹೇಳುತ್ತಿಲ್ಲ, ಕೇಳಿ ನೋಡಿ. ಗೇಮಿನ ಮಾತೇ ತೆಗೆಯದೆ, ಕ್ಲಾಸಿನಲ್ಲಿ ತಿಳಿಯುತ್ತದೆಯೇ ಎಂದಷ್ಟೇ ಕೇಳಿ.

ಧಾರವಾಡ ಮನೋವೈದ್ಯೆ:

ತಾಯಿ, ಎಲ್ಲಕ್ಕಿಂತ ಮೊದಲು "ನಾ ಇದ್ರೇನು ಸತ್ರೇನು" ಎಂಬ ಮಾತಿನ ಬಗ್ಗೆ. ಇದನ್ನು ಬೆದರಿಕೆ ಎಂದು ತಳ್ಳಿಹಾಕಬೇಡಿ. ಇವತ್ತೇ, ಅವನು ಶಾಂತವಾಗಿರುವ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತು, ಸಾಯಬೇಕು ಅನಿಸುತ್ತದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೋಗುತ್ತದೆ ಎಂಬ ಭಯ ಬೇಡ, ಕೇಳಿದಾಗ ಮಕ್ಕಳು ಹಗುರಾಗುತ್ತಾರೆ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆತನ್ನಿ. ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಶುರುಮಾಡಿದ ಸೇವೆ ಅದು.

ಇನ್ನು ಬೇನೆಯೋ ಅಲ್ಲವೋ ಎಂಬ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಹನ್ನೊಂದನೇ ಆವೃತ್ತಿಗೆ 2019ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು, 2022ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. ಎಷ್ಟು ಗಂಟೆ ಆಡುತ್ತಾನೆ ಎಂಬ ಲೆಕ್ಕದ ಮೇಲೆ ಅದನ್ನು ತೀರ್ಮಾನಿಸುವುದಿಲ್ಲ. ಆಟ ಶುರುಮಾಡುವುದು, ನಿಲ್ಲಿಸುವುದು ಅವನ ಹಿಡಿತ ತಪ್ಪಿದೆಯೇ. ಊಟ, ಓದು, ನಂಟು ಎಲ್ಲಕ್ಕಿಂತ ಆಟವೇ ಮೇಲಾಗಿದೆಯೇ. ಕೆಡುಕು ಕಣ್ಣಿಗೆ ಕಂಡರೂ ಆಡುತ್ತಲೇ ಇದ್ದಾನೆಯೇ, ಇವು ಮೂರನ್ನು ನೋಡುತ್ತೇವೆ. ಸಾಮಾನ್ಯವಾಗಿ ಹನ್ನೆರಡು ತಿಂಗಳು ಹೀಗಿರಬೇಕು, ತೀವ್ರವಾಗಿದ್ದರೆ ಅಷ್ಟು ಕಾಯುವುದಿಲ್ಲ. ಆಡುವವರಲ್ಲಿ ಈ ಮಟ್ಟಕ್ಕೆ ಹೋಗುವವರು ಸ್ವಲ್ಪವೇ ಮಂದಿ, ಹುಬ್ಬಳ್ಳಿಯ ತಮ್ಮ ಹೇಳಿದ್ದು ಸರಿ. ನಿಮ್ಮ ಮಗನನ್ನು ನೋಡದೆ ನಾನು ಹೆಸರು ಹಚ್ಚುವುದಿಲ್ಲ. ಖಿನ್ನತೆ, ಆತಂಕ, ಗಮನ ನಿಲ್ಲದ ತೊಂದರೆ ಮೊದಲೇ ಇದ್ದು ಮಗು ಆಟದೊಳಗೆ ಅಡಗಿಕೊಂಡಿರುವುದೂ ಉಂಟು. ಆಗ ಆಟ ಬಿಡಿಸಿದರೆ ಸಾಲದು.

ನಾನು ಮೊದಲು ಹಿಡಿಯುವುದು ನಿದ್ದೆಯನ್ನು. ಈ ವಯಸ್ಸಿಗೆ ಎಂಟರಿಂದ ಹತ್ತು ತಾಸು ಬೇಕು. ಹರೆಯದಲ್ಲಿ ದೇಹದ ಗಡಿಯಾರ ತಾನಾಗಿಯೇ ತಡವಾಗುತ್ತದೆ, ಹನ್ನೊಂದಾದರೂ ಕಣ್ಣು ಎಳೆಯುವುದಿಲ್ಲ. ಮೇಲೆ ಮುಖದ ಹತ್ತಿರ ಪರದೆಯ ಬೆಳಕು ಬಿದ್ದರೆ ನಿದ್ದೆ ತರುವ ಮೆಲಟೋನಿನ್ ತಡವಾಗುತ್ತದೆ. ಗುಂಡಿನ ಕಾಳಗ ಆಡಿದ ಎದೆ ಆಟ ನಿಂತ ಮೇಲೂ ಹೊಡೆದುಕೊಳ್ಳುತ್ತಿರುತ್ತದೆ. ಏಳು ತಿಂಗಳು ನಾಲ್ಕು ತಾಸು ಮಲಗಿದ ಹುಡುಗ ಸಿಟ್ಟಿಗೇಳದೆ, ಪಾಠ ಮರೆಯದೆ ಇರಲು ಸಾಧ್ಯವೇ? ನೀವು ಚಟದ ಸಿಟ್ಟು ಅಂದುಕೊಂಡದ್ದರಲ್ಲಿ ಅರ್ಧ ನಿದ್ದೆಗೇಡಿನ ಸಿಟ್ಟಿರಬಹುದು.

ಹಾಗಾಗಿ ಒಮ್ಮೆಲೇ ಕಸಿದುಕೊಳ್ಳಬೇಡಿ. ರಾತ್ರಿಯನ್ನಷ್ಟೇ ಬೇಡಿಕೊಳ್ಳಿ. ಎಲ್ಲರ ಫೋನು, ನಿಮ್ಮದೂ ಯಜಮಾನರದೂ ಸೇರಿ, ಅಡುಗೆಮನೆಯಲ್ಲಿ ಚಾರ್ಜಿಗೆ ಹೋಗಲಿ. ವೇಳೆ ಅವನೇ ಹೇಳಲಿ, ಹನ್ನೆರಡು ಅಂದರೂ ಒಪ್ಪಿಕೊಳ್ಳಿ, ಆಮೇಲೆ ವಾರಕ್ಕೆ ಅರ್ಧ ತಾಸು ಬೇಗ ಮಾಡುತ್ತ ಬನ್ನಿ. ಯುಪಿಐ ಪಿನ್ ಬದಲಿಸಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಸರಕಾರಿ ಆಸ್ಪತ್ರೆ ಇದೆ, ಗದಗಿನಿಂದ ಒಂದು ಹಗಲಿನ ಕೆಲಸ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಷಟ್ ಕ್ಲಿನಿಕ್ ನಡೆಯುತ್ತಿದೆ, ಆದರೆ ಮೊದಲು ಹತ್ತಿರದಲ್ಲೇ ತೋರಿಸಿ.

ರಾಣೆಬೆನ್ನೂರು ಬೀಜದಂಗಡಿ:

ನಮ್ಮ ತಮ್ಮ ರಮ್ಮಿ ಆ್ಯಪಿನ್ಯಾಗ ಆರು ಲಕ್ಷ ಕಳಕೊಂಡ. ಹೊಲ ಒತ್ತಿ ಬಿತ್ತು. ರಾಜ್ಯ ಸರಕಾರ 2021ರಾಗ ಬಂದ್ ಮಾಡಿದ್ದು 2022ರಾಗ ಹೈಕೋರ್ಟಿನ್ಯಾಗ ಬಿದ್ದುಹೋತು, ಆಮ್ಯಾಲಿನ ವರ್ಷಗಳಾಗಽ ಅವ ಮುಳುಗಿದ. 2025ರ ಆಗಸ್ಟಿನ್ಯಾಗ ಸಂಸತ್ತು ರೊಕ್ಕ ಕಟ್ಟಿ ಆಡೋ ಆನ್‌ಲೈನ್ ಆಟ ಎಲ್ಲಾ ನಿಷೇಧ ಮಾಡ್ತು. ನಡಸೋರಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿ ತನಕ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ, ಅದು ಚೊಲೋ ಆತು. ಅಕ್ಕಾರ, ನಿಮ್ಮ ಹುಡುಗಂದು ಬ್ಯಾರೆ ನಮೂನಿ ಆಟ, ಖರೇ. ಆದ್ರ 89 ರೂಪಾಯಿಂದಽ ನಮ್ಮವನೂ ಶುರು ಮಾಡಿದ್ದ.

ದುರ್ಗದಬೈಲ್ ಚಷ್ಮಾ ಅಂಗಡಿ:

ಕಣ್ಣಿಂದು ಯಾರೂ ಹೇಳ್ಲಿಲ್ಲ. ದೂರದ್ದು ಕಾಣದ ಸಣ್ಣ ಹುಡುಗ್ರು ಈಗ ಭಾಳ ಬರಾಕತ್ತಾರ. ಪರದಿ ದಿಟ್ಟಿಸಿ ನೋಡಾಗ ಕಣ್ಣು ಪಿಳಕಿಸೋದು ಕಡಿಮಿ ಆಗಿ ಒಣಗತಾವು, ಉರೀತಾವು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ್ದನ್ನ ಇಪ್ಪತ್ತು ಸೆಕೆಂಡ್ ನೋಡ್ಬೇಕು. ದಿನಾ ಎರಡು ತಾಸು ಹೊರಗ ಬಿಸಲಿನ ಬೆಳಕಿನ್ಯಾಗ ಆಡೋ ಮಕ್ಕಳಿಗೆ ನಂಬರ್ ಬರೋದು ಕಡಿಮಿ.

ಗೋಕುಲ ರೋಡ್ ಕಾಕಾ:

ಡಾಕ್ಟರ್ ಬಾಯಾರು ಬರದದ್ದು ಎರಡು ಸಲ ಓದಿದೆ. ತಂಗಿ, ನಾ ಮೊದಲು ಬರದ ಮಾತು ತಿರಗಿ ತಗೊಂತೇನಿ. ಸಾಯೋ ಮಾತು ನಾ ಸರಿಯಾಗಿ ಓದಿರಲಿಲ್ಲ. ಬಾಯಾರ, ನಮ್ಮ ಮೊಮ್ಮಗ ಎರಡು ವರ್ಷದವ, ಫೋನ್ ತೋರಿಸಿದ್ರಽ ಬಾಯಿ ತಗೀತಾನ. ಇದು ತಪ್ಪೇನ್ರಿ?

ಧಾರವಾಡ ಮನೋವೈದ್ಯೆ:

ಎರಡರ ಒಳಗೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿನೊಳಗೆ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಊಟದ ಹೊತ್ತಿಗೆ ಅವನನ್ನು ನೀವೇ ಎತ್ತಿಕೊಂಡು ಅಂಗಳಕ್ಕೆ ಬನ್ನಿ, ಕಾಕಾ.

ಬೆಟಗೇರಿ ಅವ್ವ (24 ದಿನ ಆದ ಮ್ಯಾಲೆ):

ತಡಾ ಆತು, ಕ್ಷಮಿಸ್ರಿ.

ಡಾಕ್ಟರ್ ಬಾಯಾರು ಹೇಳಿದಂಗ ಅವತ್ತಽ ರಾತ್ರಿ ಕೇಳಿದೆ. ಅವ ಭಾಳ ಹೊತ್ತು ಸುಮ್ಮನಿದ್ದು, ಸಾಯಬೇಕು ಅಂತ ಇಲ್ಲವ್ವ, ಮುಂಜಾನೆ ಆಗಬಾರ್ದು ಅನಸತೈತಿ ಅಂದ. ಮರುದಿನ 14416ಕ್ಕ ಫೋನ್ ಮಾಡಿದೆ. ಆಮ್ಯಾಲೆ ಅಪ್ಪಾ ಮಗಾ ಇಬ್ಬರನ್ನೂ ಕರ್ಕೊಂಡು ಧಾರವಾಡಕ್ಕ ಹೋಗಿ ತೋರಿಸಿ ಬಂದೆ. ಅವನ ಜೊತಿಗೆ ಬ್ಯಾರೆ ಕುಂತು ಮಾತಾಡಿದ್ರು. ಸದ್ಯಕ್ಕ ಗುಳಿಗಿ ಇಲ್ಲ, ಹದಿನೈದು ದಿನಕ್ಕೊಮ್ಮೆ ಬರ್ರಿ ಅಂದಾರ. ಮನಿಯವರು ಬರೋ ಹಾದಿಯೊಳಗ ಬಸ್ಸಿನ್ಯಾಗ ಮಗನ ಬೆರಳು ಹಿಡ್ಕೊಂಡು ಕುಂತಿದ್ರು, ಮಾತಾಡ್ಲಿಲ್ಲ.

ಮಾಸ್ತರ, ನೀವು ಕೇಳು ಅಂದದ್ದನ್ನೂ ಕೇಳಿದೆ. ಅಳಾಕ ಹತ್ತಿದ. ಜೂನ್ ತಿಂಗಳಿಂದ ಕ್ಲಾಸಿನ್ಯಾಗ ಒಂದೂ ಪ್ರಶ್ನೆ ಕೇಳಿಲ್ಲಂತ್ರಿ. ಒಂದು ಸಲ ಎದ್ದು ಕನ್ನಡದಾಗ ಕೇಳಿದ್ದಕ್ಕ ಹುಡುಗ್ರು ನಕ್ಕಾರ. ಆ ಮಾತು ಏಳು ತಿಂಗಳು ಹೊಟ್ಟ್ಯಾಗ ಇಟ್ಕೊಂಡಾನ. ನಾ ಬಾಗಲದ ಹೊರಗ ನಿಂತು ಬರೇ ಬೆಳಕು ನೋಡ್ತಿದ್ದೆ.

ಸ್ಕ್ವಾಡಿನ ಮಾತು ಓದಿದ ಮ್ಯಾಲೆ ಒಂದು ಕೆಲಸ ಮಾಡಿದೆ. ಆ ಮೂರು ಮಂದಿ ಯಾರು ಅಂತ ಕೇಳಿದೆ. ಎಲ್ಲೋ ಪರದೇಶದವರು ಅಂತ ತಿಳದಿದ್ದೆ. ಒಬ್ಬ ಮುಳಗುಂದ ನಾಕಾದವ, ಒಬ್ಬ ನಮ್ಮ ಹಿಂದಿನ ಓಣಿಯವ, ಇನ್ನೊಬ್ಬ ಅಷ್ಟಽ ದಾವಣಗೆರೆಯವ! ಇಬ್ಬರ ಅವ್ವಂದಿರ ಮನಿಗೆ ಹೋದೆ. ಅವರೂ ನನ್ನಂಗಽ ಬಾಗಲದ ಹೊರಗ ನಿಂತವರು. ಮೂರು ಮನ್ಯಾಗೂ ಒಂದಽ ವೇಳೆ ಮಾಡಿದ್ವಿ, ಹನ್ನೆರಡು. ನಾಲ್ಕೂ ಮಂದಿ ಕೂಡೇ ನಿಲ್ಲಿಸಿದ್ರ ಯಾರೂ ಯಾರಿಗೂ ಮೋಸ ಮಾಡಿದಂಗ ಆಗಂಗಿಲ್ಲ ಅಂತ ಹುಡುಗ್ರಽ ಒಪ್ಪಿದ್ರು. ಈಗ ಹನ್ನೊಂದಕ್ಕ ಬಂದೈತಿ. ಎರಡು ರಾತ್ರಿ ತಪ್ಪಿಸಿ ನನ್ನ ಫೋನ್ ಒಯ್ದು ಆಡಿದ. ಸಪ್ತಾಪುರದ ತಮ್ಮನ ಮಾತು ನೆನಪಿಟ್ಟು ಬೈಲಿಲ್ಲ. ಮೂರು ಹುಡುಗ್ರು ರವಿವಾರ ಭೀಷ್ಮ ಕೆರಿ ಕಡೆ ಸೈಕಲ್ ತಗೊಂಡು ಹೋಗಾಕತ್ತಾರ.

ಫಿಸಿಕ್ಸ್ ಮಾತ್ರ ಹಂಗಽ ಐತಿ. ಪುಸ್ತಕ ತಗದ್ರ ಮುಖ ಬಾಡತೈತಿ.

ಸಪ್ತಾಪುರದ ರೂಮಿನವ:

ಅಕ್ಕಾರ, ನಾನೂ ಕನ್ನಡ ಮೀಡಿಯಮ್ಮಿನವನಽ. ರವಿವಾರ ಹೆಂಗೂ ಊರಿಗೆ ಬರಾಕ ಗದಗ ಮ್ಯಾಲೆ ಹಾಯಬಹುದು. ಅವನ ಹಂತ್ಯಾಕ ಎರಡು ತಾಸು ಕೂಡ್ರತೇನಿ, ರೊಕ್ಕದ ಮಾತು ಬ್ಯಾಡ. ಕನ್ನಡದಾಗ ಹೇಳಿ ಆಮ್ಯಾಲೆ ಇಂಗ್ಲಿಷ್ ಶಬ್ದ ಹಚ್ಚೋಣು. ಎಷ್ಟನೇ ಪಾಠದಿಂದ ತಿಳಿದಂಗ ಆಗೈತಿ ಅಂತ ಕೇಳಿ ಹೇಳ್ರಿ, ತಯಾರಿ ಮಾಡ್ಕೊಂಡು ಬರ್ತೇನಿ.

ಬೆಟಗೇರಿ ಅವ್ವ:

ಕೇಳಿದೆ ತಮ್ಮಾ. ಮೊದಲನೇ ಪಾಠದಿಂದನಽ ಅಂತ. ಯೂನಿಟ್ಸ್ ಅಂಡ್ ಮೆಜರ್‌ಮೆಂಟ್ಸ್. ಹನ್ನೊಂದರ ಗಾಡಿಗೆ ಬಾ, ಹುಡುಗ ಸ್ಟೇಷನ್ನಿಗೆ ಸೈಕಲ್ ತಗೊಂಡು ಬರ್ತೇನಿ ಅಂದಾನ.